ಆರೂ ಮುಕ್ಕಾಲು

ಹುಡುಗಾ, ಪಟ್ಟಿ ಕೇಳಿದೆಯಲ್ಲ, ಬರೆದುಕೋ:
ಎಲ್ಪಿ ಎರಡು. ಕ್ಯಾಸೆಟ್ಟು ಒಂದು.
ಸೀಲಿಂಗ್ ಫ್ಯಾನಿನ ಜಾಹೀರಾತು, ಇಪ್ಪತ್ತು ಸೆಕೆಂಡು.
ಅಷ್ಟೇ.
ಅಷ್ಟೇ ಅಂದೆನೆಂದು ಪೆನ್ನಿಗೆ ಟೊಪ್ಪಿ ಹಾಕಬೇಡ.

ಬ್ಯಾಂಡಿನ ಹೆಸರು ಪೌನೇ ಸಾತ್.
ನಮ್ಮ ಮಾತಿನಲ್ಲಿ ಆರೂ ಮುಕ್ಕಾಲು.
ತಾಳದ ಲೆಕ್ಕವೆಂದು ರೆಕಾರ್ಡಿನ ಬೆನ್ನ ಮೇಲೆ ಅಚ್ಚಾಯಿತು,
ಸುಳ್ಳು. ಏಳಕ್ಕೆ ಸಿನಿಮಾದ ನಲವತ್ತು ಪಿಟೀಲು ಬರುತ್ತಿದ್ದವು,
ಅದರೊಳಗೆ ಇವರು ತಂತಿ ಸುತ್ತಿ ಜಾಗ ಬಿಡಬೇಕು.
ಗ್ರ್ಯಾಂಟ್ ರೋಡಿನ ನೆಲಮಾಳಿಗೆ. ತಲೆಯ ಮೇಲೆ ಛಾಪಖಾನೆ,
ಗೋಡೆಯಾಚೆ ವಿರಾರ್ ಫಾಸ್ಟು.
ಟೇಪು ಏರಿಸು, ರೈಲು ಕಾಯಿ, ದಾಟಿದ ಮೇಲೆ ಕೈಯೆತ್ತು:
ಇಷ್ಟು ನನ್ನ ನೌಕರಿ.
ಏಳೂವರೆಗೆ ಫೋರ್ಟಿನ ರಾತ್ರಿಶಾಲೆ, ಎಂಟನೇ ಇಯತ್ತೆ.

ಇನಾಸ್ ಕುಟಿನ್ಹೊ, ಕಾವೇಲ್ ಗಲ್ಲಿಯವನು, ಸ್ಯಾಕ್ಸೊಫೋನು.
ಬೆಳಿಗ್ಗೆ ಇಗರ್ಜಿ, ರಾತ್ರಿ ಯಾರದೋ ಮದುವೆ,
ನಡುವೆ ಮಿಕ್ಕ ಉಸಿರು ನಮ್ಮದು.
ಮಾಟುಂಗದ ಸೀತಾಪತಿಗೆ ಮೃದಂಗದ ಎಡಮುಖಕ್ಕೆ ರವೆ ಬೇಕು,
ಎದುರಿನ ಉಡುಪಿ ಹೋಟೆಲಿಂದ ಮುಷ್ಟಿಯಷ್ಟು ತರುತ್ತಿದ್ದೆ;
ತುಳುವಿನಲ್ಲಿ ಕೇಳಿದರೆ ಕಾಸಿಲ್ಲ.
ಜಾಲ್ ಪಟ್ರಾವಾಲಾನ ಪಿಯಾನೊದಲ್ಲಿ ಒಂದು ಮನೆ ಸತ್ತಿತ್ತು.
ರಿಪೇರಿಗೆ ದುಡ್ಡಿಲ್ಲ, ಆ ಸ್ವರವನ್ನೇ ಬಿಟ್ಟು ಕಟ್ಟಿದರು ಎಲ್ಲ.
ಆಮೇಲೆ ಪೇಪರಿನವನೊಬ್ಬ ಬರೆದ: ಆಹಾ, ವರ್ಜ್ಯದ ಧೈರ್ಯ!

ಮೊದಲನೆಯದರ ಎರಡನೇ ಮಗ್ಗುಲು, ಮೂರನೇ ತುಣುಕು,
ಮೃದಂಗ ಒಂಟಿಯಾಗುವ ಕಡೆ
ಒಂದು ಕೆಮ್ಮು ಕೇಳಿಸುತ್ತದೆ. ಅದು ನಾನು.
ಛಾಪಖಾನೆಯ ಧೂಳು, ತಡೆದೆ, ತಡೆದೆ, ಆಗಲಿಲ್ಲ.
ಹಾಳಾಯಿತು, ಮತ್ತೆ ನುಡಿಸೋಣ ಎಂದು ಕೈಕಟ್ಟಿ ನಿಂತೆ.
ಸೀತಾಪತಿ ಬೆವರೊರೆಸಿ ಹೇಳಿದ್ದು:
ಸಮಕ್ಕೆ ಬಿದ್ದಿದೆಯಲ್ಲಯ್ಯಾ, ಇರಲಿ.
ಖರ್ಚಾದದ್ದು ಇನ್ನೂರ ಹನ್ನೊಂದು ಪ್ರತಿ.
ಉಳಿದವನ್ನು ಚೋರ್ ಬಜಾರಿನಲ್ಲಿ ಬಿಸಿನೀರಿಗದ್ದಿ ಬಗ್ಗಿಸಿ
ಕಡಲೆಬೀಜದ ಬಟ್ಟಲು ಮಾಡಿ ಮಾರಿದರು.
ನನ್ನ ಕೆಮ್ಮಿಗೆ ಉಪ್ಪು ಖಾರ ಅಂಟಿರಬೇಕು ಎಲ್ಲೋ.

ಎರಡನೆಯದು ಬೇಡ. ಅವರಿಗೇ ಸೇರಲಿಲ್ಲ.
ಕ್ಯಾಸೆಟ್ಟು ಇನಾಸ್ ಹಡಗಿನ ಕೆಲಸಕ್ಕೆ ಹೊರಟ ಮೇಲೆ,
ಹಳೆಯ ಚೂರು ಚಿಂದಿ ಹೊಲಿದದ್ದು.

ಆದರೆ ಎರಡಕ್ಕೂ ನಡುವೆ ಒಂದಿತ್ತು.
ನಾಲ್ಕು ರೀಲು. ಜುಲೈಯ ಒಂಬತ್ತು ಮಧ್ಯಾಹ್ನ,
ಹಳಿಗೆ ನೀರು ತುಂಬಿ ರೈಲೇ ಇಲ್ಲ,
ಕೈಯೆತ್ತುವ ಕೆಲಸವೇ ಇಲ್ಲ ನನಗೆ.
ಸುಮ್ಮನೆ ಕೂತು ಕೇಳಿದೆ.
ಹೇಗಿತ್ತು ಎನ್ನುತ್ತೀಯ. ನಾನು ಎಂಟನೇ ಇಯತ್ತೆ, ಮಾರಾಯ.
ಊಟ ಮರೆತಿದ್ದೆ, ಅಷ್ಟು ಬರೆದುಕೋ.

ಮಾಲೀಕ ವಸನ್‌ಜಿ ಭಾಯಿಗೆ ಟೇಪಿನ ದರ ಏರಿದ ಚಿಂತೆ.
ಬಾಕಿ ಕೊಡದವರ ರೀಲು ಮತ್ತೆ ಬಳಸು ಎಂದ.
ಎರಡು ತಿಂಗಳಿಗೆ ಫ್ಯಾನಿನವರು ಬಂದರು,
ನುಡಿಸಲು ಇವರನ್ನೇ ಕರೆಸಿದರು, ತಲೆಗೆ ಅರವತ್ತು ರೂಪಾಯಿ.
ಯಾವ ರೀಲು ಏರಿಸಿದ್ದೇನೆಂದು
ಗಾಜಿನಾಚೆ ನಿಂತವರಿಗೆ ತಿಳಿಯದು.
ಅಳಿಸುವ ಹೆಡ್ಡು ಸದ್ದು ಮಾಡುವುದಿಲ್ಲ.
ರೈಲು ದಾಟಿತು. ನಾನು ಕೈಯೆತ್ತಿದೆ.
ತಮ್ಮದರ ಮೇಲೆ ತಾವೇ
ನಗುನಗುತ್ತ ಗಾಳಿ ಬೀಸಿಕೊಂಡರು.

ರೇಡಿಯೊದಲ್ಲಿ ಆರು ವರ್ಷ ಬಂತು ಆ ಫ್ಯಾನು.
ಅವರದ್ದೆಂದು ಈ ಊರು ಕೇಳಿದ್ದು ಅದೊಂದೇ.

ಒಬ್ಬರಿಗೂ ಹೇಳಲಿಲ್ಲ. ಸೀತಾಪತಿಯ ಹನ್ನೆರಡನೇ ದಿನ
ಬಾಳೆಲೆಯ ಮುಂದೆ ಕೂತು ಬಾಯಿ ತೆರೆದೆ,
ಪಾಯಸ ಬಡಿಸಿದರು.

ನೋಡು, ಈ ಡಬ್ಬಿ. ಅಂಗಡಿ ಮುಚ್ಚಿದ ದಿನ ಕೋಟಿನೊಳಗೆ ತಂದದ್ದು.
ಫ್ಯಾನು ಮುಗಿದ ಮೇಲೂ ಓಡಲು ಬಿಟ್ಟರೆ
ಬಾಲದಲ್ಲಿ ಹನ್ನೊಂದು ಸೆಕೆಂಡು ಉಳಿದಿದೆ:
ಯಾರೋ ಕುರ್ಚಿ ಸರಿಸುತ್ತಾರೆ, ಜಾಲ್ ಏನೋ ಬೈಯುತ್ತಾನೆ,
ಇನಾಸ್ ಊದುವ ಮುನ್ನ ಉಸಿರೆಳೆದುಕೊಳ್ಳುತ್ತಾನೆ.
ಎಳೆದುಕೊಳ್ಳುವುದು ಮಾತ್ರ.

ಪಟ್ಟಿಗೆ ಸೇರಿಸುತ್ತೀಯೋ ಬಿಡುತ್ತೀಯೋ ನಿನಗೆ ಬಿಟ್ಟದ್ದು.
ಕಿಟಕಿ ಹಾಕು. ಡೊಂಬಿವಲಿಯಲ್ಲೂ ಹಳಿಯ ಪಕ್ಕವೇ ಸಿಕ್ಕಿತು ಮನೆ.
ತಾಳು,
ರೈಲು ದಾಟಲಿ.